ಗೃಹಾರೋಗ್ಯ: ಓರೆಹಲ್ಲುಗಳೂ ತಂತಿಯ ಕೆಲಸವೂ

ಈ ತಿಂಗಳು ನಮ್ಮ ಮುಂದೆ ಎರಡು ಕಾಗದಗಳಿವೆ. ಒಂದು ಶಿಕಾರಿಪುರದ ತಾಯಿಯೊಬ್ಬರದು. ಇನ್ನೊಂದು ಸೊರಬದ ಸಮೀಪದ ಹಳ್ಳಿಯ ಗೃಹಸ್ಥರೊಬ್ಬರದು. ಇಬ್ಬರೂ ಒಂದೇ ಸೀಮೆಯವರಾದರೂ ಒಬ್ಬರನ್ನೊಬ್ಬರು ಅರಿಯರು. ಆದರೆ ಕೇಳಿರುವ ವಿಷಯ ಒಂದೇ.

ತಾಯಿಯವರು ಬರೆದಿರುವುದೇನೆಂದರೆ, ಮಗಳಿಗೆ ಹನ್ನೊಂದು ವರ್ಷ. ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಚಾಚಿಕೊಂಡು ತುಟಿಗಳು ಮುಚ್ಚುವುದಿಲ್ಲ. ಶಾಲೆಯಲ್ಲಿ ಮಕ್ಕಳು ಹಾಸ್ಯ ಮಾಡುವುದರಿಂದ ಹುಡುಗಿ ಕೈಯನ್ನು ಬಾಯಿಗೆ ಅಡ್ಡ ಹಿಡಿದೇ ಮಾತನಾಡುತ್ತಾಳೆ. ಕ್ಲಿಪ್ಪು ಹಾಕಿಸೋಣವೆಂದರೆ ಅತ್ತೆಯವರು, "ಎಳೆಯ ಹಲ್ಲು, ತಂತಿ ಕಟ್ಟಿದರೆ ಸಡಿಲವಾಗಿ ಉದುರಿಹೋದಾವು, ಮದುವೆಯ ಕಾಲಕ್ಕೆ ನೋಡಿಕೊಂಡರಾಯಿತು" ಎನ್ನುತ್ತಾರಂತೆ. ಗೃಹಸ್ಥರ ಮಗನಿಗೆ ಹದಿನೈದು. ಅವನ ಮೇಲಿನ ಕೋರೆಹಲ್ಲೆರಡೂ ಸಾಲಿನಲ್ಲಿ ಸ್ಥಳ ಸಿಕ್ಕದೆ ವಸಡಿನ ಮೇಲ್ಭಾಗದಲ್ಲಿ ಹೊರಟಿವೆ. ಮನೆಯ ಹಿರಿಯರು ಹಲ್ಲಿನ ಮೇಲೆ ಹಲ್ಲು ಅದೃಷ್ಟವೆಂದು ಸುಮ್ಮನಿದ್ದರು. ಈಗ ವೈದ್ಯರು ಮೇಲೆ ಎರಡು, ಕೆಳಗೆ ಎರಡು, ಹೀಗೆ ನಾಲ್ಕು ಹಲ್ಲುಗಳನ್ನು ಕೀಳಬೇಕೆಂದಿರುವರು. "ಓರೆಯಾದುದನ್ನು ಬಿಟ್ಟು ನೆಟ್ಟಗಿರುವುದನ್ನು ಕೀಳುವುದು ಯಾವ ನ್ಯಾಯ? ಮೇಲಿನ ಹಲ್ಲು ಕಿತ್ತರೆ ಕಣ್ಣಿಗೆ ತೊಂದರೆಯಾಗದೆ?" ಎಂದು ಅವರು ಕೇಳುತ್ತಾರೆ.

ಸೊರಬವೆಂದೊಡನೆ ನಮಗೆ ಗುಡಿಗಾರರ ನೆನಪಾಗುತ್ತದೆ. ಸೊರಬ ಸಾಗರಗಳ ಗುಡಿಗಾರರು ಶ್ರೀಗಂಧದಲ್ಲಿಯೂ, ಹಿಂದೆ ಆನೆಯ ದಂತದಲ್ಲಿಯೂ ಮಾಡಿದ ಸೂಕ್ಷ್ಮವಾದ ಕೆತ್ತನೆ ದೇಶವಿಖ್ಯಾತವಾದುದು. ದಂತದ ವ್ಯಾಪಾರವನ್ನು ಕಾನೂನು ನಿಲ್ಲಿಸಿದೆ. ಅದು ಒಳ್ಳೆಯದೇ ಆಯಿತು. ಆನೆಯ ದಂತವೂ ಒಂದು ಬಾಚಿಹಲ್ಲೇ ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಮರಕ್ಕೆ ಹೊಡೆದ ಮೊಳೆ ಓರೆಯಾದರೆ ಅದನ್ನು ಬಗ್ಗಿಸಿ ನೆಟ್ಟಗೆ ಮಾಡಬೇಕು; ಬಗ್ಗಿಸಿದರೆ ಮರದ ತೂತು ದೊಡ್ಡದಾಗಿ ಮೊಳೆ ಅಲುಗಾಡುವುದು. ಶಿಕಾರಿಪುರದ ಅತ್ತೆಯವರ ಮನಸ್ಸಿನಲ್ಲಿರುವ ಚಿತ್ರ ಇದೇ ಇರಬೇಕು. ದವಡೆಯ ಎಲುಬು ಮರವಾಗಿದ್ದರೆ ಅವರ ಮಾತು ಸರಿಯಾಗುತ್ತಿತ್ತು. ಆದರೆ ಎಲುಬು ಜೀವವಿರುವ ಪದಾರ್ಥ. ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ಮಿಲಿಮೀಟರಿನ ಕಾಲುಭಾಗದಷ್ಟೂ ದಪ್ಪವಿಲ್ಲದ ಒಂದು ನಾರಿನ ಪೊರೆಯುಂಟು. ಹಲ್ಲು ಆ ನಾರುಗಳಲ್ಲಿ ತೂಗುಹಾಕಿದಂತೆ ನಿಂತಿರುತ್ತದೆ. ಹಲ್ಲನ್ನು ಒಂದು ಕಡೆಗೆ ಮೆಲ್ಲನೆ, ಆದರೆ ಬಿಡದೆ, ಒತ್ತುತ್ತಿದ್ದರೆ ಮುಂದಿನ ಪಕ್ಕದ ಎಲುಬು ಕರಗುತ್ತ ದಾರಿ ಬಿಡುತ್ತದೆ. ಹಿಂದಿನ ಪಕ್ಕದಲ್ಲಿ ನಾರು ಬಿಗಿದಲ್ಲಿ ಹೊಸ ಎಲುಬು ಕಟ್ಟುತ್ತ ಬರುತ್ತದೆ. ಹೀಗೆ ಹಲ್ಲು ತನ್ನ ಗೂಡಿನೊಡನೆಯೇ ಸರಿಯುವುದು. ಸರಿಯುವ ಕಾಲದಲ್ಲಿ ತುಸು ಅಲುಗಾಡುವುದು ಸಹಜ. ಕೆಲಸ ಮುಗಿದು ಎಲುಬು ಗಟ್ಟಿಯಾದ ಮೇಲೆ ಮೊದಲಿನಂತೆ ಭದ್ರವಾಗುತ್ತದೆ.

ಈ ಒಂದು ಸಂಗತಿ ಮನಸ್ಸಿಗೆ ಹಿಡಿದರೆ ಉಳಿದುದೆಲ್ಲ ಸುಲಭವಾಗಿ ತಿಳಿಯುತ್ತದೆ. ಎಲುಬು ಕರಗಿ ಕಟ್ಟುವುದಕ್ಕೆ ತಕ್ಕ ಕಾಲ ಬೇಕು. ಆದುದರಿಂದ ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಷ್ಟೇ ಸರಿಯುವುದು. ಇದಕ್ಕೆ ಬೇಕಾದ ಬಲವೂ ಅಲ್ಪ, ಹೆಚ್ಚೆಂದರೆ ನೂರು ಗ್ರಾಂ ತೂಕದ ಆಸುಪಾಸು. "ಡಾಕ್ಟರೇ, ಇನ್ನಷ್ಟು ಬಿಗಿಯಾಗಿ ಕಟ್ಟಿ, ಬೇಗ ಮುಗಿಯಲಿ" ಎಂದು ಬೇಡುವ ತಂದೆತಾಯಿಗಳನ್ನು ನಾವು ಕಂಡಿದ್ದೇವೆ. ಬಲ ಹೆಚ್ಚಾದರೆ ಆ ನಾರಿನ ಪೊರೆಯಲ್ಲಿ ರಕ್ತದ ಓಟ ನಿಂತು, ಹಲ್ಲು ಬೇಗ ಸರಿಯುವುದಕ್ಕೆ ಬದಲಾಗಿ ನಿಂತಲ್ಲಿಯೇ ನಿಲ್ಲುತ್ತದೆ; ನೋವು ಹೆಚ್ಚುತ್ತದೆ; ಬೇರು ಸವೆದು ಮೋಟಾಗುವ ಭಯವೂ ಉಂಟು.

ಹಲ್ಲು ಓರೆಯಾಗಲು ಕಾರಣಗಳು ಹಲವು. ತಂದೆಯ ಕಡೆಯ ದೊಡ್ಡ ಹಲ್ಲು, ತಾಯಿಯ ಕಡೆಯ ಸಣ್ಣ ದವಡೆ ಕೂಡಿ ಬಂದರೆ ಸ್ಥಳ ಸಾಲದು. ನಾಲ್ಕೈದು ವರ್ಷ ದಾಟಿದ ಮೇಲೂ ಬೆರಳು ಚೀಪುವ ಅಭ್ಯಾಸ, ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವುದು, ನುಂಗುವಾಗ ನಾಲಿಗೆಯನ್ನು ಹಲ್ಲಿಗೆ ಒತ್ತುವುದು, ಇವೂ ಕಾರಣಗಳೇ. ನಮ್ಮ ಮನೆಗಳಲ್ಲಿ ಗಮನಕ್ಕೆ ಬಾರದ ಕಾರಣವೊಂದುಂಟು. "ಹೇಗಿದ್ದರೂ ಬಿದ್ದುಹೋಗುವ ಹಾಲುಹಲ್ಲು" ಎಂದು ಹುಳುಕನ್ನು ಬೆಳೆಯಗೊಟ್ಟು ಹಿಂಬದಿಯ ಹಾಲುಹಲ್ಲನ್ನು ಕಾಲಕ್ಕೆ ಮೊದಲೇ ಕೀಳಿಸಿಬಿಡುವುದು. ಹಾಲುಹಲ್ಲು ಮುಂದೆ ಬರುವ ಹಲ್ಲಿಗೆ ಸ್ಥಳ ಹಿಡಿದು ಕುಳಿತ ಕಾವಲುಗಾರ. ಅದು ಹೋದರೆ ಆರನೆಯ ವರ್ಷದಲ್ಲಿ ಬಂದ ದವಡೆಹಲ್ಲು ಮುಂದಕ್ಕೆ ಸರಿದು ಆ ಸ್ಥಳವನ್ನು ನುಂಗುವುದು. ಹನ್ನೊಂದು ಹನ್ನೆರಡರಲ್ಲಿ ಬರುವ ಕೋರೆಹಲ್ಲಿಗೆ ಕೊನೆಗೆ ಎಡೆಯಿಲ್ಲವಾಗುವುದು. ಸೊರಬದ ಹುಡುಗನ ಕಥೆಯಲ್ಲಿಯೂ ಇಂತಹದೇನಾದರೂ ನಡೆದಿತ್ತೆ ಎಂಬುದನ್ನು ಗೃಹಸ್ಥರು ನೆನೆದು ನೋಡಬಹುದು.

ಹಲ್ಲನ್ನು ಸಾಲಿಗೆ ತರುವ ಯತ್ನ ಹೊಸತೇನಲ್ಲ. ಫ್ರಾನ್ಸಿನ ಪಿಯೇರ್ ಫೋಶಾರ್ ಎಂಬ ವೈದ್ಯನು ೧೭೨೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತೂತುಗಳಿರುವ ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಕಟ್ಟುವ ಕ್ರಮವನ್ನು ವರ್ಣಿಸಿರುವನು. ಅಮೆರಿಕದ ಎಡ್ವರ್ಡ್ ಆ್ಯಂಗಲ್ ೧೮೯೯ರಲ್ಲಿ ಓರೆಹಲ್ಲುಗಳನ್ನು ದವಡೆಹಲ್ಲುಗಳ ಹೊಂದಾಣಿಕೆಯ ಮೇಲೆ ವಿಂಗಡಿಸಿದನು. ಆ ವಿಂಗಡಣೆಯನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಆ ಕಾಲದಲ್ಲಿ ಚಿನ್ನದ ತಂತಿ. ಹಲ್ಲುಹಲ್ಲಿಗೂ ಲೋಹದ ಬಳೆ. ಮೈಕೆಲ್ ಬುವೊನೊಕೋರ್ ಎಂಬವರು ೧೯೫೫ರಲ್ಲಿ, ಹಲ್ಲಿನ ಹೊಳಪಿನ ಮೈಯನ್ನು ಆಮ್ಲದಿಂದ ತುಸು ಒರಟುಮಾಡಿದರೆ ಅಂಟು ಭದ್ರವಾಗಿ ಹಿಡಿಯುವುದೆಂದು ತೋರಿಸಿಕೊಟ್ಟ ಮೇಲೆ ಬಳೆಗಳ ಕಾಲ ಮೆಲ್ಲನೆ ಮುಗಿಯಿತು. ಈಗ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ಸಣ್ಣ ಬಿಲ್ಲೆಯೇ ಬ್ರ್ಯಾಕೆಟ್ಟು. ಬಳೆಯನ್ನು ಹಿಂದಿನ ದವಡೆಹಲ್ಲುಗಳಿಗೆ ಮಾತ್ರ ಹಾಕುವುದುಂಟು.

ಸಾಮಾನ್ಯವಾಗಿ ಕ್ಲಿಪ್ಪು ಎಂದು ನಾವು ಕರೆಯುವುದು ಈ ಬ್ರ್ಯಾಕೆಟ್ಟುಗಳನ್ನೂ ಅವುಗಳ ಮೂಲಕ ಹಾಯ್ದ ತಂತಿಯನ್ನೂ. ತಂತಿಗೆ ಕಮಾನಿನ ಆಕಾರವಿದೆ. ಓರೆಹಲ್ಲುಗಳ ಮೇಲಿನ ಬ್ರ್ಯಾಕೆಟ್ಟುಗಳಿಗೆ ಕಟ್ಟಿದಾಗ ಅದು ಅಂಕುಡೊಂಕಾಗುವುದು. ತನ್ನ ಮೊದಲಿನ ಆಕಾರಕ್ಕೆ ಮರಳುವ ಹಟದಲ್ಲಿ ಹಲ್ಲುಗಳನ್ನೂ ತನ್ನೊಡನೆ ಕರೆದುಕೊಂಡು ಬರುವುದು. ಮೊದಲ ತಿಂಗಳುಗಳಲ್ಲಿ ಹಾಕುವುದು ಸಾಮಾನ್ಯವಾಗಿ ನಿಕಲ್ ಮತ್ತು ಟೈಟೇನಿಯಂ ಬೆರೆತ ತೆಳುವಾದ ತಂತಿ. ಅಮೆರಿಕದ ನೌಕಾಪಡೆಯ ಪ್ರಯೋಗಶಾಲೆಯಲ್ಲಿ ಬೇರೆ ಉದ್ದೇಶಕ್ಕಾಗಿ ಹುಟ್ಟಿದ ಈ ಲೋಹವು ೧೯೭೦ರ ದಶಕದಲ್ಲಿ ಮಕ್ಕಳ ಬಾಯಿಗೆ ಬಂದಿತು. ಎಷ್ಟು ಬಗ್ಗಿಸಿದರೂ ಮುರಿಯದೆ, ಮೃದುವಾದ ಬಲವನ್ನು ಬಹುದಿನ ಕೊಡುವುದು ಇದರ ಗುಣ. ಸಾಲು ಒಂದಷ್ಟು ಸರಿಹೋದ ಮೇಲೆ ಗಡುಸಾದ ಉಕ್ಕಿನ ತಂತಿ. ಅನಂತರ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಕೊಂಡಿ ಹಾಕುವ ಪುಟ್ಟ ರಬ್ಬರು ಬಳೆಗಳು. ರಬ್ಬರನ್ನು ಮನೆಯಲ್ಲಿ ಮಕ್ಕಳೇ ಬದಲಾಯಿಸಿಕೊಳ್ಳಬೇಕು. ವೈದ್ಯರ ಕೈ ಇಲ್ಲಿಗೆ ತಲುಪದು. ಒಟ್ಟು ಕಾಲ ಒಂದೂವರೆ ವರ್ಷದಿಂದ ಎರಡು ವರ್ಷ, ಕೆಲವರಿಗೆ ಇನ್ನೂ ಹೆಚ್ಚು.

ಹಲ್ಲಿನ ಬಣ್ಣದ ಪಿಂಗಾಣಿ ಬ್ರ್ಯಾಕೆಟ್ಟುಗಳೂ ದೊರೆಯುತ್ತವೆ. ಎದ್ದು ಕಾಣಿಸುವುದಿಲ್ಲ, ಬೆಲೆ ಹೆಚ್ಚು, ಒಡೆಯುವುದೂ ಹೆಚ್ಚು. ತಂತಿಯನ್ನು ಬಿಗಿಯುವ ಸಣ್ಣ ರಬ್ಬರು ಉಂಗುರಗಳು ನಮ್ಮ ಅರಸಿನದ ಸಾರಿಗೆ ಎರಡೇ ದಿನದಲ್ಲಿ ಹಳದಿಯಾಗುವುವೆಂಬುದನ್ನು ಪಿಂಗಾಣಿಗೆ ಹಣ ತೆರುವವರು ಮೊದಲೇ ತಿಳಿದಿರಲಿ. ತಂತಿಯೇ ಇಲ್ಲದ ಪಾರದರ್ಶಕವಾದ ತೊಡಿಗೆಗಳು ಇನ್ನೊಂದು ಬಗೆ. ೧೯೯೭ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಕಂಪೆನಿಯೊಂದು ಇವನ್ನು ಪ್ರಚಾರಕ್ಕೆ ತಂದಿತು. ಇವನ್ನು ಅಲೈನರು ಎನ್ನುವರು. ಊಟಕ್ಕೂ ಹಲ್ಲುಜ್ಜುವುದಕ್ಕೂ ತೆಗೆದು, ಉಳಿದ ಇಪ್ಪತ್ತು ಇಪ್ಪತ್ತೆರಡು ಗಂಟೆ ಧರಿಸಿರಬೇಕು. ಕೆಲವು ದಿನಗಳಿಗೊಮ್ಮೆ ಮುಂದಿನದಕ್ಕೆ ಬದಲಾಯಿಸಬೇಕು. ಸ್ವಲ್ಪ ಓರೆಗೆ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ತೆಗೆದಿಟ್ಟುದನ್ನು ಮರೆಯುವ ಮಕ್ಕಳಿಗೆ ತೆಗೆಯಲಾಗದ ತಂತಿಯೇ ಮೇಲೆಂದು ನಮ್ಮ ಅಭಿಪ್ರಾಯ. ಅಂಗುಳಿಗೆ ಹೊಂದುವ ಪ್ಲಾಸ್ಟಿಕಿನ ಫಲಕಕ್ಕೆ ಸಣ್ಣ ಸ್ಪ್ರಿಂಗುಗಳನ್ನು ಜೋಡಿಸಿದ, ತೆಗೆದು ಹಾಕಬಹುದಾದ ಹಳೆಯ ಮಾದರಿಯ ಕ್ಲಿಪ್ಪೂ ಉಂಟು. ಒಂದೆರಡು ಹಲ್ಲನ್ನು ವಾಲಿಸುವುದಕ್ಕೆ ಅದು ಸಾಕು, ಬೇರುಸಹಿತ ಸರಿಸುವುದಕ್ಕೆ ಸಾಲದು.

ಈಗ ಶಿಕಾರಿಪುರದ ಹುಡುಗಿಯ ವಿಚಾರ. ಮೇಲಿನ ಹಲ್ಲು ಮುಂದೆ ಬಂದಂತೆ ಕಾಣುವ ಮಕ್ಕಳಲ್ಲಿ ಅನೇಕರಿಗೆ ನಿಜವಾಗಿ ಕೆಳದವಡೆ ಹಿಂದೆ ನಿಂತಿರುತ್ತದೆ. ಅಂತಹವರಿಗೆ ಬೆಳವಣಿಗೆಯ ಕಾಲವೇ ಔಷಧ. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ ೧೯೭೭ರಲ್ಲಿ ರೂಪಿಸಿದ ಟ್ವಿನ್ ಬ್ಲಾಕ್ ಎಂಬ ಜೋಡಿ ಫಲಕಗಳನ್ನು ಮೇಲೊಂದು ಕೆಳಗೊಂದು ಹಾಕುತ್ತಾರೆ. ಅವುಗಳ ಇಳಿಜಾರಾದ ಅಂಚುಗಳು ಒಂದರ ಮೇಲೊಂದು ಕುಳಿತಾಗ ಬಾಯಿ ಮುಚ್ಚಬೇಕಾದರೆ ಕೆಳದವಡೆ ಮುಂದೆ ಬರಲೇಬೇಕು. ಹಗಲು ರಾತ್ರಿ, ಊಟದಲ್ಲಿಯೂ ಸಹ, ಧರಿಸಿದರೆ ತಿಂಗಳುಗಳಲ್ಲಿ ಗುಣ ಕಾಣುತ್ತದೆ. ಹುಡುಗಿಯರು ಹುಡುಗರಿಗಿಂತ ಮೊದಲೇ ಎತ್ತರ ಬೆಳೆಯುವರಾದುದರಿಂದ ಹನ್ನೊಂದರ ಹುಡುಗಿಗೆ ಕಾಲ ಈಗಲೇ ಬಂದಿರಬಹುದು. ಮೇಲ್ದವಡೆ ಕಿರಿದಾಗಿದ್ದರೆ ಅಂಗುಳಿನ ನಡುವಿನ ಕೀಲು ಬೆಸೆಯುವುದಕ್ಕೆ ಮೊದಲು ಸ್ಕ್ರೂ ತಿರುಗಿಸಿ ಅಗಲಿಸುವ ಉಪಕರಣವೂ ಇದೆ. ಅದಕ್ಕೂ ಎಳೆಯ ವಯಸ್ಸೇ ಬೇಕು. ಬೆಳವಣಿಗೆ ಮುಗಿದ ಮೇಲೂ ಹಲ್ಲನ್ನು ಸರಿಸಬಹುದು, ಮೂವತ್ತರಲ್ಲಿಯೂ ನಲವತ್ತರಲ್ಲಿಯೂ ಸರಿಸುತ್ತಾರೆ. ದವಡೆಯನ್ನು ಮಾತ್ರ ಶಸ್ತ್ರಚಿಕಿತ್ಸೆಯಿಲ್ಲದೆ ಸರಿಸಲಾಗದು. ಇದಲ್ಲದೆ ಮುಂದೆ ಚಾಚಿದ ಬಾಚಿಹಲ್ಲು ಆಟದಲ್ಲಿ ಬಿದ್ದಾಗ ಮುರಿಯುವ ಸಂಭವ ಹೆಚ್ಚು.

ಮದುವೆಯ ಕಾಲಕ್ಕೆ ನೋಡಿಕೊಳ್ಳೋಣವೆಂಬ ಮಾತು ನಮಗೆ ಹಿಡಿಸಲಿಲ್ಲವೆಂದು ಅತ್ತೆಯವರಿಗೆ ವಿನಯದಿಂದ ತಿಳಿಸುತ್ತೇವೆ. ನೋಡಬರುವವರಿಗಾಗಿ ಹಲ್ಲು ಇರುವುದಲ್ಲ. ಹನ್ನೊಂದು ವರ್ಷದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಇನ್ನು ಹತ್ತು ವರ್ಷ ಮಾತನಾಡಬೇಕೆ? ಆದರೆ ಗಾಬರಿಗೂ ಕಾರಣವಿಲ್ಲ. ಏಳು ವರ್ಷದ ಸುಮಾರಿಗೆ ಮಗುವಿನ ಹಲ್ಲಿನ ಸಾಲನ್ನು ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದೆಂದು ತಜ್ಞರು ಹೇಳುವುದು ಪರೀಕ್ಷೆಗಾಗಿ, ಏಳಕ್ಕೇ ತಂತಿ ಕಟ್ಟುವುದಕ್ಕಾಗಿ ಅಲ್ಲ.

ಸೊರಬದ ಗೃಹಸ್ಥರ ಪ್ರಶ್ನೆ ನ್ಯಾಯವಾದುದೇ. ಐವರು ಕೂಡುವ ಪಂಕ್ತಿಯಲ್ಲಿ ಆರು ಮಂದಿ ಇದ್ದರೆ ಒಬ್ಬರು ಏಳಲೇಬೇಕು. ಏಳಬೇಕಾದವರು ಯಾರೆಂಬುದಷ್ಟೇ ಪ್ರಶ್ನೆ. ಕೋರೆಹಲ್ಲಿನ ಬೇರು ಬಾಯಲ್ಲೆಲ್ಲ ಉದ್ದವಾದುದು. ಮುಖದ ಮೂಲೆಗೆ ಆಧಾರವಾದುದು. ಅದನ್ನು ಕಳೆದುಕೊಳ್ಳುವುದು ದೊಡ್ಡ ನಷ್ಟ. ಅದರ ಹಿಂದೆ ಅಗಿಯುವ ಸಣ್ಣ ಹಲ್ಲುಗಳು ಪಕ್ಕಕ್ಕೆ ಎರಡೆರಡಿವೆ. ಅವುಗಳಲ್ಲಿ ಒಂದೊಂದನ್ನು ತೆಗೆದರೆ ಉಳಿದುದು ಆ ಕೆಲಸವನ್ನು ನಡೆಸುವುದು. ಎಲ್ಲರಿಗೂ ಕೀಳಲೇಬೇಕೆಂದಿಲ್ಲ. ಎಕ್ಸ್‌ರೇ, ಹಲ್ಲಿನ ಅಚ್ಚು ಇವನ್ನು ತೆಗೆದು ಅಳೆದ ಮೇಲೆ ಹೇಳತಕ್ಕ ಮಾತು ಅದು. ಬಾಯಿ ನೋಡಿದೊಡನೆ ಇಕ್ಕಳ ಹಿಡಿಯುವವರಲ್ಲಿ ಇನ್ನೊಬ್ಬರ ಅಭಿಪ್ರಾಯ ಕೇಳಿ ಬರುವುದು ತಪ್ಪಲ್ಲ. ಕಣ್ಣಿನ ಭಯವನ್ನಂತೂ ಬಿಟ್ಟುಬಿಡಬೇಕು. ಹಲ್ಲಿನ ನರಕ್ಕೂ ನೋಟದ ನರಕ್ಕೂ ಸಂಬಂಧವಿಲ್ಲ.

ತಂತಿ ಕಟ್ಟಿಸಿದ ಮೇಲೆ ಅಡಿಗೆಮನೆಯ ಪಾಲು ಮೊದಲಾಗುತ್ತದೆ. ಮೊದಲ ಎರಡು ಮೂರು ದಿನ ಹಲ್ಲು ಮುಟ್ಟಿದರೆ ನೋವು. ಗಂಜಿ, ಮೊಸರನ್ನ, ಮೆತ್ತಗಿನ ಇಡ್ಲಿ ಸಾಕು. ತಂತಿಯ ತುದಿ ಕೆನ್ನೆಗೆ ತಾಗಿ ಹುಣ್ಣಾದರೆ ವೈದ್ಯರು ಕೊಡುವ ಮೇಣವನ್ನು ಅಂಟಿಸಿ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಆಮೇಲೆ ಎಲ್ಲವನ್ನೂ ತಿನ್ನಬಹುದು, ಆದರೆ ಕಚ್ಚುವ ರೀತಿ ಬೇರೆ. ಶಿಕಾರಿಪುರದ ಕಡೆ ಸುಟ್ಟ ಮೆಕ್ಕೆಜೋಳದ ತೆನೆಯನ್ನು ಮುಂಬಾಯಲ್ಲಿ ಕಚ್ಚಿ ತಿನ್ನುವ ಸುಖವನ್ನು ಎರಡು ವರ್ಷ ಬಿಡಬೇಕು. ಕಾಳು ಬಿಡಿಸಿ ತಿನ್ನಲಿ. ಕಬ್ಬು, ಚಕ್ಕುಲಿ, ಕೋಡುಬಳೆ, ಕಲ್ಲುಸಕ್ಕರೆ ಬೇಡ. ಸೀಬೆಹಣ್ಣನ್ನು ಹೋಳು ಮಾಡಿ ಕೊಡಿ. ಅಡಿಕೆ ಸೀಮೆಯ ಮಕ್ಕಳು ಸುಲಿಯುವ ಚಪ್ಪರದ ಕೆಳಗೆ ಕುಳಿತು ಒಂದು ಹೋಳನ್ನು ಬಾಯಿಗೆ ಹಾಕಿಕೊಳ್ಳುವುದುಂಟು. ಅದು ಬ್ರ್ಯಾಕೆಟ್ಟಿಗೆ ಶತ್ರು. ಬ್ರ್ಯಾಕೆಟ್ಟು ಇಲ್ಲದ ಬಾಯಿಗೂ ಮಿತ್ರನಲ್ಲ, ಅಡಿಕೆ ಅಗಿಯುವುದರಿಂದ ಬಾಯಿಯ ಅರ್ಬುದ ಬರುವುದೆಂಬುದು ನಿಶ್ಚಿತವಾದ ಸಂಗತಿ. ಪ್ರತಿ ಊಟದ ಮೇಲೂ ಬ್ರ್ಯಾಕೆಟ್ಟಿನ ಮೇಲೆ ಕೆಳಗೆ ಬ್ರಷ್ಷಾಡಿಸಿ ಉಜ್ಜಬೇಕು. ಉಜ್ಜದೆ ಸಿಹಿ ತಿಂದವರಿಗೆ, ತಂತಿ ಬಿಚ್ಚಿದ ದಿನ ಹಲ್ಲು ನೆಟ್ಟಗಿದ್ದರೂ ಬ್ರ್ಯಾಕೆಟ್ಟಿನ ಸುತ್ತ ಸುಣ್ಣ ಬಳಿದಂತೆ ಬಿಳಿಯ ಕಲೆಗಳು ನಿಂತಿರುತ್ತವೆ. ಅವು ಪೂರ್ತಿಯಾಗಿ ಹೋಗುವುದು ಕಷ್ಟ.

ಇನ್ನೊಂದು ಎಚ್ಚರಿಕೆಯನ್ನು ಬಹಳ ಗಟ್ಟಿಯಾಗಿ ಹೇಳಬೇಕಾಗಿದೆ. ಎರಡು ಬಾಚಿಹಲ್ಲುಗಳ ನಡುವಿನ ಸಂದನ್ನು ಮುಚ್ಚುವುದಕ್ಕೆ ಮಕ್ಕಳು ತಾವೇ ಸಾಮಾನ್ಯವಾದ ರಬ್ಬರು ಬಳೆಯನ್ನು ಹಲ್ಲುಗಳಿಗೆ ಸುತ್ತಿಕೊಳ್ಳುವುದುಂಟು. ಹಲ್ಲು ತುದಿಯಲ್ಲಿ ಅಗಲ, ಬೇರಿನ ಕಡೆ ಸಪೂರ. ಆದುದರಿಂದ ಬಳೆಯು ವಸಡಿನೊಳಕ್ಕೆ ಜಾರಿ, ಕಣ್ಣಿಗೆ ಕಾಣದೆ ಬೇರಿನುದ್ದಕ್ಕೂ ಏರುತ್ತ ಎಲುಬನ್ನು ತಿಂದುಹಾಕುತ್ತದೆ. ಇದರಿಂದ ಹುಳುಕಿಲ್ಲದ ಎರಡು ಹಲ್ಲುಗಳನ್ನೂ ಕಳೆದುಕೊಂಡ ಮಕ್ಕಳುಂಟು. ಮನೆಯಲ್ಲಿ ಯಾರಾದರೂ ಹೀಗೆ ಮಾಡಿಕೊಂಡು ಬಳೆ ಕಾಣದೆ ಹೋಗಿದ್ದರೆ, ಗದರಿಸುವುದನ್ನು ಆಮೇಲಿಟ್ಟುಕೊಂಡು ಅಂದೇ ದಂತವೈದ್ಯರಲ್ಲಿಗೆ ಕರೆದೊಯ್ಯಬೇಕು.

ಎಲ್ಲಿಗೆ ಹೋಗಬೇಕೆಂಬುದು ಉಳಿದ ಪ್ರಶ್ನೆ. ಮೊದಲ ಪರೀಕ್ಷೆಗೆ ಹತ್ತಿರದ ದಂತವೈದ್ಯರು ಸಾಕು. ತಂತಿಯ ಕೆಲಸಕ್ಕೆ, ದಂತವೈದ್ಯ ಪದವಿಯ ಮೇಲೆ ಮತ್ತೆ ಮೂರು ವರ್ಷ ಇದನ್ನೇ ಓದಿದ ತಜ್ಞರಿರುವರು, ಅವರನ್ನು ಆರ್ಥೊಡಾಂಟಿಸ್ಟರೆನ್ನುತ್ತಾರೆ. ದಾವಣಗೆರೆಯಲ್ಲಿ ೧೯೭೯ರಲ್ಲಿ ಸ್ಥಾಪಿತವಾದ ಬಾಪೂಜಿ ದಂತ ಮಹಾವಿದ್ಯಾಲಯವಿದೆ, ಶಿವಮೊಗ್ಗೆಯಲ್ಲಿ ಶರಾವತಿ ದಂತ ಮಹಾವಿದ್ಯಾಲಯವಿದೆ, ಧಾರವಾಡದಲ್ಲಿಯೂ ಇದೆ. ಕಾಲೇಜುಗಳ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಖಾಸಗಿಗಿಂತ ಖರ್ಚು ಕಡಿಮೆ, ಕಾಯುವುದು ಹೆಚ್ಚು. ಶಿಕಾರಿಪುರದವರು ಹೊನ್ನಾಳಿಯ ಮೇಲೆ ದಾವಣಗೆರೆಗೋ, ಸೊರಬದವರು ಸಾಗರದ ಮೇಲೆ ಶಿವಮೊಗ್ಗೆಗೋ ಹೋಗಿ ಬರಲು ಒಂದು ದಿನ ಹಿಡಿಯುವುದು. ನಾಲ್ಕರಿಂದ ಆರು ವಾರಗಳಿಗೊಮ್ಮೆ ಎಂದರೆ ಒಟ್ಟು ಸುಮಾರು ಇಪ್ಪತ್ತು ಸಲ. ವೈದ್ಯರ ಹಣವನ್ನು ಲೆಕ್ಕ ಹಾಕುವವರು ಈ ಇಪ್ಪತ್ತು ದಿನಗಳನ್ನು ಲೆಕ್ಕ ಹಾಕುವುದಿಲ್ಲ. ಅಡಿಕೆ ಕೊಯ್ಲು ಬಂದಿತೆಂದು ಮೂರು ತಿಂಗಳು ತಪ್ಪಿಸಿದರೆ ಕಳಚಿದ ಬ್ರ್ಯಾಕೆಟ್ಟು ಕಳಚಿಯೇ ಇರುವುದು; ಹಲ್ಲು ತನಗೆ ತೋಚಿದ ಕಡೆಗೆ ಹೊರಳುವುದು. ಕೊಯ್ಲಿನ ತಿಂಗಳುಗಳಲ್ಲಿ ಜೊತೆಗೆ ಹೋಗುವವರು ಯಾರೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಕೆಲಸ ಆರಂಭಿಸುವುದು ಮೇಲು.

ತಂತಿ ಬಿಚ್ಚಿದ ದಿನ ಕೆಲಸ ಮುಗಿಯಿತೆಂದು ಎಲ್ಲರೂ ತಿಳಿಯುವರು. ನಾವೂ ಹಾಗೆಯೇ ತಿಳಿದಿದ್ದೆವು. ನಮ್ಮ ಅಣ್ಣನ ಮಗಳು ಎರಡೂವರೆ ವರ್ಷ ಶಿಕಾರಿಪುರದಿಂದ ದಾವಣಗೆರೆಗೆ ಓಡಾಡಿ, ಹದಿನೇಳನೆಯ ವಯಸ್ಸಿನಲ್ಲಿ ತಂತಿ ಬಿಚ್ಚಿಸಿಕೊಂಡು ಬಂದಳು. ಹಲ್ಲು ಸರಿದ ಸ್ಥಳದಲ್ಲಿಯೇ ನಿಲ್ಲಲೆಂದು ವೈದ್ಯರು ರಿಟೇನರು ಎಂಬ ತಂತಿಯುಳ್ಳ ತೆಳುವಾದ ಫಲಕವನ್ನು ಕೊಟ್ಟಿದ್ದರು. ಎಲುಬು ಕೆಲವು ತಿಂಗಳಲ್ಲಿ ಗಟ್ಟಿಯಾದರೂ ವಸಡಿನ ನಾರುಗಳು ಹಳೆಯ ಸ್ಥಳವನ್ನು ಮರೆಯುವುದಕ್ಕೆ ವರ್ಷದಷ್ಟು ಕಾಲ ಬೇಕಂತೆ. ಆಮೇಲೂ ಬಹುಕಾಲ ರಾತ್ರಿ ಧರಿಸುವುದು ಕ್ಷೇಮ. ಮರು ತಿಂಗಳೇ ಸೊರಬದ ಕಡೆ ಬಂಧುಗಳ ಮನೆಯಲ್ಲಿ ಮದುವೆ. ಊಟಕ್ಕೆ ಕೂಡುವಾಗ ಹುಡುಗಿ ವೈದ್ಯರು ಹೇಳಿದಂತೆ ರಿಟೇನರನ್ನು ತೆಗೆದು ಕಾಗದದಲ್ಲಿ ಸುತ್ತಿ ಎಲೆಯ ಪಕ್ಕದಲ್ಲಿಟ್ಟಳು. ಎಲೆ ಎತ್ತುವವರು ಎಲೆಯೊಡನೆ ಅದನ್ನೂ ಎತ್ತಿದರು. ಕೊಟ್ಟಿಗೆಯ ಹಿಂದಿನ ತಿಪ್ಪೆಯಲ್ಲಿ ಹುಡುಗರು ಸಂಜೆಯವರೆಗೆ ಹುಡುಕಿದರೂ ಸಿಕ್ಕಲಿಲ್ಲ. ಹುಡುಗಿ ಅಳುತ್ತಿದ್ದಾಗ, "ಹಲ್ಲು ನೆಟ್ಟಗಾಯಿತಲ್ಲ, ಇನ್ನೇಕೆ ಅದು? ಬರುವ ತಿಂಗಳು ನೋಡೋಣ" ಎಂದವರು ನಾವೇ. ಬರುವ ತಿಂಗಳು ಕೊಯ್ಲು, ಆಮೇಲೆ ಪರೀಕ್ಷೆ. ಹನ್ನೊಂದು ತಿಂಗಳಾದ ಮೇಲೆ ನೋಡಿದರೆ ಮುಂದಿನ ಒಂದು ಹಲ್ಲು ತಿರುಗಿ ನಿಂತಿತ್ತು, ಸಂದು ಬಿಟ್ಟಿತ್ತು. ಮತ್ತೆ ಏಳು ತಿಂಗಳು ತಂತಿ, ಮತ್ತೆ ಖರ್ಚು. ಅವಳು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು.

ಈಗ ಅವಳ ಕೆಳಗಿನ ಬಾಚಿಹಲ್ಲುಗಳ ಹಿಂದೆ ಸಣ್ಣ ತಂತಿಯೊಂದನ್ನು ಕಳಚಲಾಗದಂತೆ ಅಂಟಿಸಿದ್ದಾರೆ. ಮೇಲಿನ ಸಾಲಿಗೆ ರಿಟೇನರು. ಅದಕ್ಕೊಂದು ಕೆಂಪು ಡಬ್ಬಿಯುಂಟು. ಮನೆಯಲ್ಲಿ ಅದರ ಸ್ಥಾನ ಅಜ್ಜಿಯ ಕಟ್ಟಿಸಿದ ಹಲ್ಲುಗಳನ್ನಿಡುವ ಬಟ್ಟಲಿನ ಪಕ್ಕ. ಮದುವೆ ಮುಂಜಿಗಳಿಗೆ ಹೊರಟರೆ ಅತ್ತಿಗೆಯವರ ಕೈಚೀಲದಲ್ಲಿ. ಎಲೆಯ ಮುಂದೆ ಕೂಡುವ ಮೊದಲು ಅತ್ತಿಗೆಯವರು ಈಗ ಕೇಳುವುದು, "ಡಬ್ಬಿ ಎಲ್ಲಿ?" ಎಂದು.

ಗೃಹಸ್ಥರು ಹಲ್ಲು ಕೀಳಿಸುವುದಕ್ಕೆ ಮೊದಲು ಎಕ್ಸ್‌ರೇ ಅಳತೆಗಳನ್ನು ತೋರಿಸಿ ವಿವರಿಸುವಂತೆ ವೈದ್ಯರನ್ನು ಕೇಳಲಿ. ಶಿಕಾರಿಪುರದ ತಾಯಿಯವರು ಮಗಳನ್ನು ತಜ್ಞರಿಗೆ ತೋರಿಸಿದ ಮೇಲೆ ನಮಗೊಂದು ಕಾಗದ ಬರೆದರೆ ಸಂತೋಷ. ಅತ್ತೆಯವರನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗುವುದು ಉತ್ತಮವೆಂದು ತೋರುತ್ತದೆ.